ಮೂರನೆಯ ಸೆಟ್ಟು

ಇಬ್ಬರು ಒಂದು ವರ್ಷ ಭೂಮಿ ಸುತ್ತಿ ಬರಲು ವಿಮಾನದ ಟಿಕೆಟ್ಟಿಗೇ ಏಳು ಲಕ್ಷ. ಉಳಿದುಕೊಳ್ಳಲು, ಎಷ್ಟೇ ಕೈ ಬಿಗಿ ಹಿಡಿದರೂ, ಒಂಬತ್ತು. ವೀಸಾ, ವಿಮೆ, ಲಸಿಕೆ ಎಲ್ಲ ಸೇರಿ ಎರಡು. ಕಾರು ಮಾರಿದರೆ ಮೂರು ಬರುತ್ತದೆ, ಅದೂ ಕೊಳ್ಳುವವನ ಕಣ್ಣು ಸರಿಯಿಲ್ಲದಿದ್ದರೆ. ಮಿಕ್ಕದ್ದೆಲ್ಲ ನಮ್ಮ ಉಳಿತಾಯ ಒಡೆದು ತೆಗೆಯಬೇಕು. ಊಟದ ಬಾಬ್ತು ಯಾಕೆ ಲೆಕ್ಕದಲ್ಲಿಲ್ಲ ಎಂದು ಗಂಡನನ್ನು ಕೇಳಿದೆ.

"ಅಲ್ಲಿಗೆ ಹೋದ್ಮೇಲೆ ನೋಡ್ಕೊಂಡ್ರಾಯ್ತು ಬಿಡೆ."

"ಎಲ್ಲಿಗೆ?"

"ಎಲ್ಲಾ ಕಡೆಗೂ."

ಅವರು ಲಿಫ್ಟ್ ರಿಪೇರಿ ಮಾಡುವವರು. ಐವತ್ತಕ್ಕೆ ಎರಡು ವರ್ಷ ಬಾಕಿ. ಒಂದು ಸಂಜೆ ಕೆಲಸದಿಂದ ಬಂದವರೇ, ಬೂಟು ಬಿಚ್ಚುವ ಮೊದಲೇ, "ಇಷ್ಟು ವರ್ಷ ಮೇಲೆ ಕೆಳಗೆ ಓಡಾಡಿದ್ದೇ ಆಯ್ತು. ಮುಂದಕ್ಕೆ ಒಂದು ಹೆಜ್ಜೆ ಹೋಗ್ಲಿಲ್ಲ ಕಣೆ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಮರುದಿನ ಗೋಡೆಗೆ ಭೂಪಟ ಬಂತು. ಅವರ ಕಂಪನಿ ಸಂಬಳವಿಲ್ಲದ ರಜೆಗೆ ಒಪ್ಪಿತು. ನಾನೂ ಹೂಂ ಅಂದೆ. ಯಾಕೆ ಅಂದೆನೋ ನನಗೇ ತಿಳಿಯದು.

ಅಂದಿನಿಂದ ಮನೆಯಲ್ಲಿ ಎಲ್ಲವೂ ಗೊಂದಲ. ಇಲ್ಲಿ ಚಳಿಯಾದಾಗ ಅಲ್ಲಿ ಸೆಕೆಯಂತೆ. ಸ್ವೆಟರ್ ಪೆಟ್ಟಿಗೆಯ ತಳಕ್ಕೋ ಮೇಲಕ್ಕೋ ತೀರ್ಮಾನವಾಗಲಿಲ್ಲ. ಸಮುದ್ರದ ನಡುವೆ ಯಾವುದೋ ಗೆರೆ ದಾಟುವಾಗ ಒಂದು ದಿನವೇ ಕಾಣೆಯಾಗುತ್ತದೆ ಎಂದು ಗಂಡ ಹೇಳಿದರು.

"ಕಾಣೆಯಾಗಿ ಎಲ್ಲಿಗೆ ಹೋಗತ್ತೋ?" ಎಂದರು ಅತ್ತೆ.

"ಎಲ್ಲಿಗೂ ಹೋಗಲ್ಲಮ್ಮ. ಮಂಗಳವಾರ ಮಲಗಿದ್ರೆ ಗುರುವಾರ ಏಳ್ತೀವಿ, ಅಷ್ಟೇ."

"ಮತ್ತೆ ನಿನ್ನ ಬುಧವಾರದ ಬಿಪಿ ಮಾತ್ರೆ?"

ಗಂಡ ಭೂಪಟದ ಹತ್ತಿರ ಹೋದರು. ಬೆರಳಿಟ್ಟು ಆ ಗೆರೆ ಹುಡುಕತೊಡಗಿದರು.

ನನ್ನ ಕೆಲಸ ಹಲ್ಲು ಕಟ್ಟುವುದು. ಕೆಳಗಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕು, ಮೇಲೆ ನನ್ನ ಕೋಣೆ. ಅವರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಹುಯ್ದು ದವಡೆ ಎಬ್ಬಿಸಿ, ಮೇಲೆ ಮೇಣದಲ್ಲಿ ಹಲ್ಲು ಕೂರಿಸುತ್ತೇನೆ. ಆ ಮೇಣದ ಸೆಟ್ಟನ್ನು ಬಾಯಿಗಿಟ್ಟು ನೋಡಿ ಡಾಕ್ಟರಮ್ಮ ಸರಿ ಅಂದ ಮೇಲೆಯೇ ಗಟ್ಟಿ ಸೆಟ್ಟು. ಊರಿನ ಅರ್ಧ ಮುದುಕರು ಅಗಿಯುವುದು ನನ್ನ ಕೈಕೆಲಸದಿಂದ. ಅತ್ತೆಯ ಹಲ್ಲೂ ನಾನೇ ಕಟ್ಟಿದ್ದು. ಅದರಲ್ಲೇ ನನ್ನನ್ನು ಬಯ್ಯುತ್ತಾರೆ, ಒಂದಕ್ಷರ ತೊದಲದೆ. ಇಪ್ಪತ್ತು ವರ್ಷದಲ್ಲಿ ಆ ಕೋಣೆ ನಾನಿಲ್ಲದೆ ನಡೆದದ್ದಿಲ್ಲ.

ರಜೆ ಕೇಳಿದಾಗ ಡಾಕ್ಟರಮ್ಮ ಕೈಗವಸು ಬಿಚ್ಚುತ್ತಾ ಒಂದು ಷರತ್ತು ಹಾಕಿದರು.

"ನಿಮ್ಮ ನಾದಿನಿ ಇದಾಳಲ್ಲ, ಮೂರು ಸೆಟ್ಟು ಅವಳೊಬ್ಬಳೇ ಮಾಡ್ಲಿ. ಒಂದೂ ವಾಪಸ್ ಬರ್ದಿದ್ರೆ ಹೋಗಿಬನ್ನಿ, ನಿಮ್ಮ ಜಾಗ ನಿಮಗೇ. ಬಂತೋ, ನಾನು ಬೇರೆ ಲ್ಯಾಬ್ ಹಿಡೀಬೇಕಾಗತ್ತೆ. ಆಮೇಲೆ ನೀವು ಬಂದಾಗ ಕೆಲಸ ಇರತ್ತೆ ಅಂತ ಮಾತು ಕೊಡಲಾರೆ."

ನಾದಿನಿ ಚಪ್ಪಲಿ ಅಂಗಡಿಯಲ್ಲಿದ್ದವಳು. ಅಂಗಡಿ ಮುಚ್ಚಿದ ಮೇಲೆ ಎರಡು ವರ್ಷದಿಂದ ನನ್ನ ಪಕ್ಕದ ಮೇಜಿನಲ್ಲಿ ಕಲಿಯುತ್ತಿದ್ದಾಳೆ. ಕೈ ಚುರುಕು, ಬಾಯಿ ಇನ್ನೂ ಚುರುಕು. ಅಚ್ಚು ತರಲು ಕೆಳಗೆ ಹೋದರೆ ಕಾಯುವ ರೋಗಿಗಳ ಜೊತೆ ಹರಟೆಗೆ ಕೂರುತ್ತಾಳೆ. ನಾನು ಆ ಮೆಟ್ಟಿಲು ಇಳಿಯುವುದು ಕಡಿಮೆ. ನನಗೆ ದವಡೆ ಗೊತ್ತು, ಮುಖ ಗೊತ್ತಿಲ್ಲ.

ಮೊದಲ ಸೆಟ್ಟು ಪಾಸಾಯಿತು, ನನಗೆ ಖುಷಿಯಾಯಿತು. ಎರಡನೆಯದೂ ಪಾಸಾಯಿತು, ನನಗೆ ತಲೆನೋವು ಬಂತು. ಮೂರನೆಯದು ಚೆನ್ನಾಗಿ ಬರಲಿ ಅನ್ನಬೇಕೋ, ಕೆಡಲಿ ಅನ್ನಬೇಕೋ ಗೊತ್ತಾಗದೆ ಇಡೀ ದಿನ ಒಂದೇ ಬ್ರಷ್ಷನ್ನು ತೊಳೆದೆ.

ಮೂರನೆಯದು ಬ್ಯಾಂಡಿನಲ್ಲಿ ಡೋಲು ಬಾರಿಸುತ್ತಿದ್ದ ಒಬ್ಬ ಮುದುಕರದ್ದು. ನಾದಿನಿ ಮೇಣದಲ್ಲಿ ಹಲ್ಲು ಕೂರಿಸಿಟ್ಟು ಹೊರಗೆ ಹೋಗಿದ್ದಳು. ಅವಳ ಮೇಜು ದಾಟುವಾಗ ಕಣ್ಣಿಗೆ ಬಿತ್ತು: ಮುಂದಿನ ಒಂದು ಹಲ್ಲು ಪಕ್ಕಕ್ಕೆ ತಿರುಗಿದೆ, ಬಾಗಿಲ ಸಂದಿಯಿಂದ ಇಣುಕಿದ ಹಾಗೆ. ಚಾಕು ಸ್ಪಿರಿಟ್ ದೀಪಕ್ಕೆ ಹಿಡಿದೆ, ಮೇಣ ಸಡಿಲಿಸಿದೆ, ಹಲ್ಲು ನೇರ ಮಾಡಿದೆ. ಯೋಚಿಸಿ ಮಾಡಿದ್ದಲ್ಲ. ಕೈ ತಾನಾಗಿ ಮಾಡಿತು. ದೀಪ ಆರಿಸಿದ ಮೇಲೆ ಮಾಡಿದ್ದೇನೆಂದು ಹೊಳೆಯಿತು. ನಾನು ಮುಟ್ಟದಿದ್ದರೆ ಆ ಸೆಟ್ಟು ವಾಪಸ್ ಬರುತ್ತಿತ್ತು, ಪ್ರವಾಸ ಅಲ್ಲಿಗೆ ಮುಗಿಯುತ್ತಿತ್ತು. ಈಗ ಪಾಸಾಗುತ್ತದೆ. ಆದರೆ ಪಾಸಾಗುವುದು ಯಾರು? ನಾನು ಹೋದ ಮೇಲೆ ನಾಲ್ಕನೆಯದಕ್ಕೆ ಯಾರು ಗತಿ?

ಮನೆಗೆ ಬಂದು ಗಂಡನಿಗೆ ಹೇಳಿದೆ.

"ಅಂದ್ರೆ ಹೋಗ್ತೀವೋ, ಇಲ್ವೋ?"

"ಗೊತ್ತಿಲ್ಲ ರೀ."

"ಟಿಕೆಟ್ಟು ಶುಕ್ರವಾರದ ತನಕ ಮಾತ್ರ ಹಿಡಿದಿಟ್ಟಿರ್ತಾರೆ. ನಿಂಗೆ ಇಷ್ಟ ಇಲ್ದಿದ್ರೆ ಈಗ್ಲೇ ಹೇಳ್ಬಿಡು."

"ಇಷ್ಟ ಇಲ್ಲ ಅಂತ ಯಾರಂದ್ರು?"

"ಹಾಗಾದ್ರೆ ಇಷ್ಟ ಇದೆ?"

"ಹಾಗೂ ಅನ್ಲಿಲ್ಲ."

"ದೇವ್ರೇ, ಲಿಫ್ಟೇ ವಾಸಿ," ಎಂದರು ಅವರು. "ಗುಂಡಿ ಒತ್ತಿದ್ರೆ ಮೇಲೋ ಕೆಳಗೋ ಒಂದು ಕಡೆ ಹೋಗತ್ತೆ."

ಅತ್ತೆ ಒಳಗಿನಿಂದಲೇ, "ಅವಳು ಬಾಯಿಬಿಟ್ಟು ಹೇಳೋಷ್ಟರಲ್ಲಿ ನೀನು ಒಂದು ಸುತ್ತು ಹಾಕ್ಕೊಂಡು ಬಂದಿರ್ತೀಯ" ಎಂದರು.

ಎರಡು ದಿನ ಬಿಟ್ಟು ಡಾಕ್ಟರಮ್ಮ ಮೇಣದ ಸೆಟ್ಟು ಕೈಯಲ್ಲಿ ಹಿಡಿದು ತಾವೇ ಮೆಟ್ಟಿಲು ಹತ್ತಿ ಬಂದರು. ನಾದಿನಿ ಎದ್ದು ನಿಂತಳು.

"ಪಾಸು. ಮುದುಕರು ಕನ್ನಡಿ ಕೆಳಗಿಡ್ಲೇ ಇಲ್ಲ. ಬಾಯಿಂದ ಇದನ್ನ ಕಿತ್ಕೊಳ್ಳೋಕೆ ನಂಗೆ ಸಾಕುಸಾಕಾಯ್ತು."

ನನಗೆ ತಡೆಯಲಾಗಲಿಲ್ಲ. "ಡಾಕ್ಟರಮ್ಮ, ಅದು ಅವಳೊಬ್ಬಳೇ ಮಾಡಿದ್ದಲ್ಲ. ಮುಂದಿನ ಹಲ್ಲು ನಾನು ನೇರ ಮಾಡಿದೆ. ಲೆಕ್ಕಕ್ಕೆ ತಗೋಬೇಡಿ."

"ನೇರ ಮಾಡಿದ್ರಾ? ಎಲ್ಲಿ ನೇರ ಇದೆ?"

ಅವರು ಸೆಟ್ಟನ್ನು ನನ್ನ ಅಂಗೈಗೆ ಇಟ್ಟರು. ಹಲ್ಲು ಮತ್ತೆ ಸೊಟ್ಟಗೆ ತಿರುಗಿ ಇಣುಕುತ್ತಿತ್ತು.

ನಾದಿನಿ ನಾಲಿಗೆ ಕಚ್ಚಿಕೊಂಡಳು. "ಅತ್ತಿಗೆ, ಬಂದು ನೋಡಿದಾಗ್ಲೇ ನಿಮ್ಮ ಕೈ ಅಂತ ಗೊತ್ತಾಯ್ತು. ಕಳಿಸೋ ಮುಂಚೆ ಮತ್ತೆ ತಿರುಗಿಸಿಬಿಟ್ಟೆ. ನಿಮಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

"ಯಾಕೆ ತಿರುಗಿಸ್ದೆ?"

"ಅವರ ಸ್ವಂತ ಹಲ್ಲು ಹಾಗೇ ಇತ್ತಂತೆ. ಕೆಳಗೆ ಕೂತಾಗ ಹಳೇ ಫೋಟೋ ತೋರಿಸಿದ್ರು. 'ನೇರ ಮಾಡಿದ್ರೆ ಕನ್ನಡೀಲಿ ನಮ್ಮಣ್ಣ ಕಾಣ್ತಾನೆ ಕಣಮ್ಮ, ಅವನ ಜೊತೆ ಮಾತು ಬಿಟ್ಟು ಹತ್ತು ವರ್ಷ ಆಯ್ತು, ದಿನಾ ಬೆಳಿಗ್ಗೆ ಅವನ ಮುಖ ಯಾಕೆ ನೋಡ್ಲಿ' ಅಂದ್ರು."

ಡಾಕ್ಟರಮ್ಮ ಗೋಡೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಅರ್ಧಕ್ಕೇ ನಿಂತುಹೋಯಿತು. ನಾನು ಕಟ್ಟಿದ ಹಲ್ಲುಗಳೆಲ್ಲ ನೇರವಾಗಿದ್ದವು. ಯಾರಿಗೆ ಹೇಗಿತ್ತು ಎಂದು ನಾನು ಕೇಳಿದ್ದೇ ಇಲ್ಲ.

"ಇನ್ನೇನು, ಹೊರಡಿ ನೀವು," ಎಂದು ಡಾಕ್ಟರಮ್ಮ ಕೆಳಗಿಳಿದರು.

"ಬೇಜಾರಾಯ್ತಾ ಅತ್ತಿಗೆ?"

"ಇಲ್ವೇ." ಸುಳ್ಳೋ ನಿಜವೋ ನನಗೇ ಗೊತ್ತಾಗಲಿಲ್ಲ. "ಮೊದ್ಲು ಆ ಪ್ಲಾಸ್ಟರ್ ನೋಡು, ಬಟ್ಟಲಲ್ಲೇ ಗಟ್ಟಿ ಆಗ್ತಿದೆ."

ಅವಳು ಆಗಲೇ ನೋಡಿದ್ದಳು.

ಶುಕ್ರವಾರ ಟಿಕೆಟ್ಟಿನ ಹಣ ಕಟ್ಟಿದೆವು. ಗಂಡ ರಸೀತಿ ಮಡಿಸಿದರು, ಬಿಚ್ಚಿ ನೋಡಿದರು, ಮತ್ತೆ ಮಡಿಸಿದರು. "ನಾವು ಸರಿಯಾಗೇ ಮಾಡ್ತಿದೀವಿ ಅಲ್ವೇನೆ?" ಎಂದು ಕೇಳಿದರು. ಇಷ್ಟು ದಿನ ಅವರಿಗೆ ಎಲ್ಲ ಖಚಿತ ಎಂದುಕೊಂಡಿದ್ದೆ. ಅವರೂ ನನ್ನಷ್ಟೇ ತಬ್ಬಿಬ್ಬಾಗಿದ್ದಾರೆಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ನನಗೆ ಒಂದು ವರ್ಷ ಸಿಕ್ಕಿತು. ನಾನಿಲ್ಲದಿದ್ದರೆ ಆ ಕೋಣೆ ನಡೆಯುವುದಿಲ್ಲ ಎಂಬ ನಂಬಿಕೆ ಹೋಯಿತು.