ಕೆರೆಯಂಗಳಕ್ಕೆ ಹಾಸಿದ ಜಮಖಾನೆ

ನಾನು ನವಲಗುಂದದ ಒಂದು ಜಮಖಾನೆ. ಒಬ್ಬರು ನಿಂತು ನಮಾಜು ಮಾಡುವಷ್ಟು ಅಗಲ. ಖೈರುನಬಿ ಎಂಬಾಕೆ ತನ್ನ ಮನೆಯ ಮಗ್ಗದಲ್ಲಿ ನನ್ನನ್ನು ನೇಯ್ದಳು, ಎಳೆ ಎಳೆಯನ್ನೂ ಬಡಿದು ಕೂರಿಸಿದಳು. ಇವತ್ತಿಗೂ ನನ್ನ ಬಣ್ಣ ಹೋಗಿಲ್ಲ. ಜಂಬ ಎನ್ನುವುದಾದರೆ ಎನ್ನಿ.

ನನ್ನನ್ನು ಕೊಂಡವನು ಕಾಂಟ್ರಾಕ್ಟರ್ ದಾವಲಸಾಬ. ಊರ ಕೆರೆಯ ಅಂಗಳಕ್ಕೆ ಮಣ್ಣು ತುಂಬಿಸಿ, ತನ್ನ ದುಡಿಮೆಯನ್ನೆಲ್ಲ ಸುರಿದು ಮದುವೆ ಹಾಲ್ ಕಟ್ಟಿಸುತ್ತಿದ್ದ. ಜಾಗ ತೆರವು ಮಾಡಬೇಕೆಂದು ತಹಶೀಲ್ದಾರರ ನೋಟಿಸು ಬಂತು. ಅವನು ಪಡುವಣ ಗೋಡೆಗೆ ಅವಸರದಲ್ಲಿ ಮಸೀದಿಯಲ್ಲಿರುವಂಥ ಒಂದು ಕಮಾನು ಮಾಡಿಸಿ, ಅದರೆದುರು ನನ್ನನ್ನು ಹಾಸಿದ.

"ಇಲ್ಲಿ ಒಂದ್ಸಲ ನಮಾಜ್ ಆತಂದ್ರ ಯಾವ ಜೆಸಿಬಿನೂ ಈ ಕಡಿ ಬರಂಗಿಲ್ಲ ನೋಡು," ಎಂದು ಹೆಂಡತಿ ಜುಲೇಖಾಗೆ ಹೇಳಿದ.

ನನಗೆ ಸಿಟ್ಟು ಬಂತು. ಖೈರುನಬಿ ನನ್ನನ್ನು ನೇಯ್ದದ್ದು ಜನ ಹಣೆ ಊರಲಿ ಎಂದು, ಜಾಗ ಹಿಡಿಯಲಿ ಎಂದಲ್ಲ.

ಶುಕ್ರವಾರ ದಾವಲಸಾಬ ಕರೆದನೆಂದು ಊರ ಮಸೀದಿಯ ಇಮಾಮ ಬದ್ರುದ್ದೀನ್ ಸಾಹೇಬರು ನಾಲ್ಕು ಮಂದಿಯೊಂದಿಗೆ ಬಂದರು. ನನ್ನ ಅಂಚಿನ ತನಕ ಬಂದು ನಿಂತುಬಿಟ್ಟರು.

"ದಾವಲಸಾಬ, ಈ ನೆಲಾ ಯಾರದು?"

"ಸರ್ಕಾರದ್ದು ಹಜರತ್. ಅಂದ್ರ ಎಲ್ಲಾರದು. ಅದರಾಗ ನಾನೂ ಬಂದೆ."

"ಎಲ್ಲಾರನ್ನೂ ಕೇಳಿದೇನು? ಊರಿನ ನೀರು ನಿಲ್ಲೋ ಜಾಗಾ ಇದು. ಕಸ್ಗೊಂಡ್ರ ಶರಿಯತ್ತಿನ್ಯಾಗ ಗಸಬ್ ಅಂತಾರ, ಸರ್ಕಾರದ ಕಾಯ್ದೆದಾಗ ಒತ್ತುವರಿ ಅಂತಾರ. ಎರಡರಾಗೂ ತಪ್ಪ. ನಾ ಇಲ್ಲಿ ನಮಾಜ್ ಓದ್ಸಂಗಿಲ್ಲ."

"ಜಮಖಾನೆ ನನ್ನ ಸ್ವಂತದ್ದರೀ!"

"ಹಂಗಾರ ಅದನ್ನ ಎತ್ಕೊಂಡು ಮಸೂತಿಗೆ ಬಾ."

ಎಲ್ಲರೂ ಅವರ ಹಿಂದೆ ಹೊರಟರು. ದಾವಲಸಾಬ ಹಟಕ್ಕೆ ಬಿದ್ದು ಒಬ್ಬನೇ ನನ್ನ ಮೇಲೆ ನಿಂತು ಕೈ ಕಟ್ಟಿದ. ಬಹಳ ಹೊತ್ತು ನಿಂತ, ಬಾಗಲಾಗಲಿಲ್ಲ. ಕೊನೆಗೆ ಅಲ್ಲೇ ಕುಳಿತು ಅತ್ತ. ಆ ಮನುಷ್ಯನ ಮೇಲೆ ನನಗೆ ಮೊದಲ ಸಲ ಮರುಕ ಹುಟ್ಟಿತು.

ಮರುದಿನ ಜುಲೇಖಾ ನನ್ನನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡಳು. ದಾವಲಸಾಬ ಹಾರೆ ಹಿಡಿದು ಮೊದಲು ಆ ಕಮಾನನ್ನೇ ಕೆಡವಿದ. ಉಳಿದದ್ದನ್ನು ಕೆಡವಲು ತಾನೇ ಜೆಸಿಬಿ ತರಿಸಿದ. ನನ್ನನ್ನು ಮಸೀದಿಗೆ ಕೊಟ್ಟ.

ಈಗ ನನ್ನ ಗೊಂಡೆಗಳು ಉದುರಿವೆ, ಹಣೆ ತಾಗುವ ಜಾಗ ಸವೆದಿದೆ. ಆದರೂ ಎರಡನೆಯ ಸಾಲಿನಲ್ಲಿ ಗಟ್ಟಿಯಾಗಿದ್ದೇನೆ. ಬಂದವರು ನಿಲ್ಲುತ್ತಾರೆ, ಎದ್ದು ಹೋಗುತ್ತಾರೆ. ಇಲ್ಲಿ ಯಾವ ಜಾಗವೂ ಯಾರದೂ ಅಲ್ಲ.

ಮೊನ್ನೆ ದಾವಲಸಾಬ ತಡವಾಗಿ ಬಂದ. ನನ್ನ ಮೇಲೆ ಯಾರೋ ಹಮಾಲ ನಿಂತಿದ್ದ. ದಾವಲಸಾಬ ನನ್ನನ್ನು ಗುರುತಿಸಿದ. ಹಿಂದೆ ಸರಿದು, ಬರಿ ನೆಲದ ಮೇಲೆ ಹಣೆ ಊರಿದ.