ಬೆವರದ ಮನೆತನ

ಸೀತಾಲಕ್ಷ್ಮಿಗೆ ತನ್ನ ತವರಿನ ಬಗ್ಗೆ ಜಂಬ ಇದ್ದದ್ದು ಒಂದೇ ವಿಷಯಕ್ಕೆ. ಅವರಿಗೆ ಬೆವರು ಬರುತ್ತಿರಲಿಲ್ಲ. ನಗಬೇಡಿ, ನಿಜ. ಅಪ್ಪ ಸೇತುರಾಮ ಶಾಸ್ತ್ರಿಗಳು ಜಯನಗರದಲ್ಲಿ ಹೆಸರಾಂತ ಪುರೋಹಿತರು. ಏಪ್ರಿಲ್ ಸೆಕೆಯಲ್ಲಿ ಮೂರು ಗಂಟೆ ಹೋಮಕುಂಡದ ಮುಂದೆ ಕೂತರೂ ಹಣೆಯ ಗಂಧ ಕರಗುತ್ತಿರಲಿಲ್ಲ. ಸುತ್ತ ಕೂತವರು ಶಲ್ಯದಲ್ಲಿ ಮುಖ ಒರೆಸಿಕೊಳ್ಳುತ್ತ, "ಅಗ್ನಿಗೆ ಇವರನ್ನ ಕಂಡ್ರೆ ಪ್ರೀತಿ ಕಣ್ರೀ" ಎನ್ನುತ್ತಿದ್ದರು. ನಲವತ್ತೆಂಟನೇ ವಯಸ್ಸಿನಲ್ಲಿ, ಒಂದು ಪೂರ್ಣಾಹುತಿಯ ಹೊತ್ತಿಗೆ, ಶಾಸ್ತ್ರಿಗಳು ಕೂತಲ್ಲೇ ಒರಗಿ ಪ್ರಾಣ ಬಿಟ್ಟರು. ಎಂಥ ಪುಣ್ಯದ ಸಾವು ಎಂದು ಜನ ಕೈಮುಗಿದರು. ಮಗಳೂ ಕೈಮುಗಿದಳು.

ಈಗ ಅವಳಿಗೇ ಐವತ್ತೆಂಟು. ಕಳೆದ ಭಾನುವಾರ ಮಗ ಶ್ರೀಕರ್ ಪುಟ್ಟೇನಹಳ್ಳಿಯ ಹೊಸ ಫ್ಲ್ಯಾಟಿನ ಗೃಹಪ್ರವೇಶದಲ್ಲಿ ಹೋಮಕ್ಕೆ ಕೂತಿದ್ದ. ಅವನ ಮುಖವೂ ಒಣಒಣ. "ನೋಡ್ರೀ, ಥೇಟ್ ತಾತ!" ಎಂದು ಬಂದವರನ್ನೆಲ್ಲ ಕರೆದು ತೋರಿಸಿದಳು. ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಅವಳಿಗೆ ಉಸಿರು ಸಿಕ್ಕದೆ ಕಣ್ಣು ಕತ್ತಲೆ ಬಂತು.

ಬುಧವಾರ ಹೃದಯದ ಡಾಕ್ಟರ್ ಶಾಂತಾದೇವಿ ಎಕೋ ರಿಪೋರ್ಟನ್ನು ಎರಡು ಸಲ ಓದಿದರು. "ಅಮ್ಮ, ನಿಮ್ಮ ಹಾರ್ಟಿನ ಗೋಡೆ ದಪ್ಪ ಆಗಿದೆ. ಬಿಪಿ ಇಲ್ಲ, ವಾಲ್ವ್ ಸರಿಯಾಗಿದೆ. ಅದಕ್ಕೇ ಕೇಳ್ತಿದೀನಿ, ನಿಮಗೆ ಬೆವರು ಬರತ್ತಾ?"

ಸೀತಾಲಕ್ಷ್ಮಿಯ ಮುಖ ಅರಳಿತು. "ಅಪರೂಪ ಡಾಕ್ಟ್ರೇ. ನಮ್ಮಪ್ಪನಿಗಂತೂ ಇಲ್ವೇ ಇಲ್ಲ. ನಮ್ಮ ವಂಶಾನೇ ಹಾಗೆ" ಎಂದು ಹೋಮದ ಕತೆಯನ್ನೆಲ್ಲ ಹೇಳಿದಳು. ಕತೆ ಪೂರ್ಣಾಹುತಿಗೆ ಬರುವಷ್ಟರಲ್ಲಿ ಡಾಕ್ಟರು ಪೆನ್ನು ಕೆಳಗಿಟ್ಟಿದ್ದರು.

"ಇದು ಫ್ಯಾಬ್ರಿ ಅನ್ನೋ ಕಾಯಿಲೆ ಇರಬಹುದು. ಬ್ಲಡ್ ಟೆಸ್ಟ್ ಮಾಡಿದ್ರೆ ಗೊತ್ತಾಗತ್ತೆ. ಮೈಯಲ್ಲಿ ಕರಗಬೇಕಾದ ಒಂದು ಥರದ ಕೊಬ್ಬು ಕರಗಲ್ಲ. ಹುಟ್ಟಿದಾಗಿಂದ ಸ್ವಲ್ಪಸ್ವಲ್ಪವೇ ನರದಲ್ಲಿ, ಕಿಡ್ನೀಲಿ, ಹಾರ್ಟಲ್ಲಿ ಸೇರ್ಕೊಳತ್ತೆ. ಬೆವರು ಬರದೇ ಇರೋದು ಅದರ ಒಂದು ಗುರುತು. ಹಾರ್ಟ್ ಕೆಟ್ಟಿದೆ ಅಂತ ಗೊತ್ತಾಗೋ ಹೊತ್ತಿಗೆ ಎಷ್ಟೋ ವರ್ಷ ಆಗಿರತ್ತೆ. ನಿಮ್ಮ ತಂದೆಯವರದ್ದೂ ಇದೇ ಇದ್ದಿರಬಹುದು."

ಪುಣ್ಯದ ಸಾವಂತೆ, ಪುಣ್ಯದ ಸಾವು! ಕಾಯಿಲೆಗೆ ಮಣೆ ಹಾಕಿ ಕೂರಿಸಿ, ಮೂವತ್ತೆಂಟು ವರ್ಷ ಅದಕ್ಕೇ ಕೈಮುಗಿದಿದ್ದಳಲ್ಲ ಸೀತಾಲಕ್ಷ್ಮಿ!

"ಇಂಥ ತಂದೆಯಿಂದ ಹೆಣ್ಣುಮಕ್ಕಳಿಗೆಲ್ಲ ಬಂದೇ ಬರತ್ತೆ. ತಾಯಿಯಿಂದ ಮಕ್ಕಳಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ. ಗಂಡುಮಕ್ಕಳಿಗೆ ಬಂದ್ರೆ ಸಾಮಾನ್ಯವಾಗಿ ಜೋರು. ಔಷಧಿ ಇದೆ, ಆದ್ರೆ ಬೇಗ ಶುರು ಮಾಡ್ಬೇಕು" ಎಂದು ಡಾಕ್ಟರು ಪಕ್ಕದಲ್ಲಿ ಕೂತಿದ್ದ ಶ್ರೀಕರನತ್ತ ತಿರುಗಿದರು. "ನಿಮಗೆ ಚಿಕ್ಕೋರಿದ್ದಾಗ ಅಂಗಾಲು ಉರೀತಿತ್ತಾ?"

ಅವನು ಬಾಯಿ ಬಿಡುವ ಮೊದಲೇ ಸೀತಾಲಕ್ಷ್ಮಿಗೆ ಉತ್ತರ ಗೊತ್ತಿತ್ತು. ಮೂರನೇ ಕ್ಲಾಸಿನಲ್ಲಿ, ಪಿ.ಟಿ. ಪೀರಿಯಡ್ ಇದ್ದ ದಿನವೆಲ್ಲ, "ಕಾಲು ಬೆಂಕಿ ಬೆಂಕಿ ಅಮ್ಮಾ" ಎಂದು ಅಳುತ್ತಿದ್ದ ಹುಡುಗ. ಕಳ್ಳನೆಪ ಎಂದು ಎರಡೇಟು ಬಿಗಿದು, ಕಾಲಿಗೆ ಶೂ ತುರುಕಿ ಕಳಿಸಿದವಳು ಯಾರು? ಇವಳೇ. ಐದನೇ ಕ್ಲಾಸಿನ ಹೊತ್ತಿಗೆ ಅಳು ನಿಂತಿತ್ತು. ದೇವರು ದೊಡ್ಡವನು, ಮಗನಿಗೆ ಬುದ್ಧಿ ಬಂತು ಅಂದುಕೊಂಡಿದ್ದಳು.

"ಉರೀತಿತ್ತು ಡಾಕ್ಟ್ರೇ" ಎಂದ ಶ್ರೀಕರ್.

"ಆಮೇಲೆ ನಿಂತ್ಹೋಯ್ತಲ್ವೇನೋ?" ಸೀತಾಲಕ್ಷ್ಮಿ ಅವನ ತೋಳು ಹಿಡಿದುಕೊಂಡಳು. "ನಿಂತ್ಹೋಯ್ತು ಅನ್ನೋ, ಕಂದ."

ಅವನು ತಾಯಿಯ ಮುಖ ನೋಡಲಿಲ್ಲ.

"ನಿಂತೇ ಇಲ್ಲಮ್ಮ. ನಿಂಗೆ ಹೇಳೋದು ನಿಲ್ಲಿಸ್ದೆ, ಅಷ್ಟೆ."