ಸ್ಲೇಟಿನ ಮೇಲೆ ಬರೆದ ದಿಬ್ಬ

ಬೆಳಗ್ಗೆ ಅವಳು ಅಂಗಡಿಯ ಹಿಂದಿನ ತೊಟ್ಟಿಯ ಪಕ್ಕ ಕೂತು ರಬ್ಬರ್ ಸೂಟುಗಳನ್ನು ಜಾಲಾಡುತ್ತಿದ್ದಳು. ಸಮುದ್ರದಡಿ ಮುಳುಗಿ ಹವಳ, ಮೀನು ನೋಡಲು ಬರುವ ಅತಿಥಿಗಳು ತೊಡುವ ಮೈಬಿಗಿ ಸೂಟುಗಳು ಅವು. ಸಿಹಿನೀರಿನಲ್ಲಿ ಅದ್ದಿ ಉಪ್ಪು ಬಿಡಿಸದಿದ್ದರೆ ಮರುದಿನ ತಗಡಿನ ಹಾಗೆ ಸೆಟೆದುಕೊಳ್ಳುತ್ತವೆ. ನಿನ್ನೆ ಗಂಡ ಅತಿಥಿಗಳನ್ನು ಕರೆದುಕೊಂಡು ಬಂದಾಗ ಕತ್ತಲಾಗಿತ್ತು, ಹಾಗಾಗಿ ನಿನ್ನೆಯ ಕೆಲಸ ಇವತ್ತಿಗೆ ಉಳಿದಿತ್ತು. ಇವತ್ತೂ ಇವಳು ಒಲೆ ಹಚ್ಚುವ ಮೊದಲೇ ಅವನು ಅತಿಥಿಗಳನ್ನು ಹತ್ತಿಸಿಕೊಂಡು ದೋಣಿ ಬಿಟ್ಟಿದ್ದ. ಇಷ್ಟು ಬೇಗ ಯಾಕೆ ಎಂದು ಕೇಳಿದ್ದಕ್ಕೆ, "ಗಾಳಿ ಏಳೋದ್ರೊಳಗೆ ಬಂದ್ಬಿಡ್ತೀನಿ" ಅಂದಿದ್ದ, ಮುಖ ಕೊಡದೆ.

ಸೂಟಿನ ತೊಡೆಯ ಮೇಲೊಂದು ಜೇಬಿರುತ್ತದೆ. ಅತಿಥಿಗಳು ಅದರಲ್ಲಿ ಏನೇನೋ ಮರೆತು ಹೋಗುತ್ತಾರೆ: ಬಾಚಣಿಗೆ, ಕೋಣೆಯ ಕೀಲಿಕೈ, ಒಮ್ಮೆ ಒಬ್ಬರ ಕಟ್ಟುಹಲ್ಲು. ಇವತ್ತು ಕೈಗೆ ಸಿಕ್ಕಿದ್ದು ಚುಚ್ಚಿತು. ಹೊರಗೆ ತೆಗೆದಳು. ಹೆಬ್ಬೆರಳುದ್ದದ ಹವಳದ ಟೊಂಗೆ. ಸತ್ತು ಬೆಳ್ಳಗಾದದ್ದಲ್ಲ, ಮುರಿದ ಜಾಗದಲ್ಲಿ ಇನ್ನೂ ಲೋಳೆ ಇದ್ದ ಹಸಿ ಟೊಂಗೆ. ಅದರ ಬುಡಕ್ಕೆ ಗಾಳದ ದಾರ ಸುತ್ತಿತ್ತು. ದಾರದ ತುದಿಯಲ್ಲಿ ಒಂದು ಹಳದಿ ಮಣಿ.

ಅವಳ ಕೈ ಅಲ್ಲೇ ನಿಂತುಹೋಯಿತು.

ಆ ಮಣಿ ಅವಳಿಗೆ ಗೊತ್ತಿತ್ತು. ಮಗಳ ಮುರಿದ ಕೂದಲ ಕ್ಲಿಪ್ಪಿನಿಂದ ಅವಳೇ ಬಿಡಿಸಿ ಕೊಟ್ಟದ್ದು. ಹವಳ ಚೇತರಿಸಿಕೊಳ್ಳಲೆಂದು ಸಮುದ್ರದಡಿಯ ದಕ್ಷಿಣದ ದಿಬ್ಬವನ್ನು ಮುಚ್ಚಿದ ವರ್ಷ ಶಾಲೆಯ ಮಕ್ಕಳೆಲ್ಲ ಒಂದೊಂದು ಹವಳದ ಚೂರಿಗೆ ದಾರ ಸುತ್ತಿ, ಗುರುತಿಗೆ ಮಣಿ ಪೋಣಿಸಿ, ಕಬ್ಬಿಣದ ಚೌಕಟ್ಟಿಗೆ ಕಟ್ಟಿದ್ದರು. ದೊಡ್ಡವರು ಆ ಚೌಕಟ್ಟುಗಳನ್ನು ದಕ್ಷಿಣದ ದಿಬ್ಬದಲ್ಲಿ ಇಳಿಸಿ ಬಂದಿದ್ದರು. ಮಕ್ಕಳು ಅದನ್ನು 'ನಮ್ಮ ತೋಟ' ಅನ್ನುತ್ತಿದ್ದರು. ಅಲ್ಲಿಗೆ ಯಾರೂ ಹೋಗುವಂತಿಲ್ಲ. ಹೋದವರ ಲೈಸೆನ್ಸ್ ಹೋಗುತ್ತದೆ, ದೋಣಿ ಜಪ್ತಿಯಾಗಿ ದಡ ಹತ್ತುತ್ತದೆ. ಮುಚ್ಚಲೇಬೇಕು ಎಂದು ಸಭೆಯಲ್ಲಿ ಎದ್ದು ನಿಂತು ಜಗಳವಾಡಿದವನು ಅವಳ ಗಂಡನೇ. "ಈಗ ಬಿಡದಿದ್ರೆ ನಮ್ಮ ಮಕ್ಕಳಿಗೆ ತೋರಿಸೋಕೆ ಸುಣ್ಣದ ಗುಡ್ಡೆ ಅಷ್ಟೇ ಉಳಿಯುತ್ತೆ" ಅಂದಿದ್ದ. ಅವತ್ತು ಅವಳಿಗೆ ಅವನನ್ನು ನೋಡಿ ಎದೆ ತುಂಬಿ ಬಂದಿತ್ತು.

"ಅಮ್ಮಾ, ಏನದು?"

ಮಗಳು ಹಿಂದೆಯೇ ನಿಂತಿದ್ದಳು, ಹಲ್ಲುಜ್ಜುವ ಬ್ರಷ್ಷು ಬಾಯಲ್ಲೇ ಇತ್ತು.

"ಏನಿಲ್ಲ, ಕಸ." ಅವಳು ಮುಷ್ಟಿಯನ್ನು ಹಾಗೇ ನೂಕಿ ಅಂಗಿಯ ಜೇಬಿಗಿಳಿಸಿದಳು. "ಮೊದಲು ಬಾಯಿ ಮುಕ್ಕಳಿಸಿ ಬಾ, ನೊರೆ ಸುರಿಸಬೇಡ."

ಈ ಹುಡುಗಿಯನ್ನು ಬೀದಿಯವರೆಲ್ಲ ಪಟಾಕಿ ಎಂದು ಕರೆಯುತ್ತಿದ್ದರು. ಎದ್ದಾಗಿನಿಂದ ಮಲಗುವವರೆಗೆ ಒಂದರ ಹಿಂದೊಂದು ಪ್ರಶ್ನೆ. ಮೀನಿಗೆ ಬಾಯಾರಿಕೆ ಆಗುತ್ತಾ, ಸಮುದ್ರಕ್ಕೆ ತಳ ಯಾರು ಹಾಕಿದ್ದು, ಹೀಗೆ. ಅಂಥವಳು ಇನ್ನೊಂದು ಮಾತು ಕೇಳದೆ ಅಮ್ಮನ ಜೇಬನ್ನೊಮ್ಮೆ ನೋಡಿ ಒಳಗೆ ಹೋದಳು.

ಅಂಗಡಿಯ ಮುಂಬಾಗಿಲ ಗೋಡೆಗೆ ಒಂದು ಸ್ಲೇಟು ತೂಗುಹಾಕಿತ್ತು. ಆ ದಡದ ಪ್ರತಿ ಡೈವಿಂಗ್ ಅಂಗಡಿಯಲ್ಲೂ ಅಂಥದ್ದೊಂದು ಇರಲೇಬೇಕು. ದೋಣಿ ಹೊರಡುವಾಗ ಯಾವ ದಿಬ್ಬಕ್ಕೆ ಎಂದು ಸೀಮೆಸುಣ್ಣದಲ್ಲಿ ಬರೆಯಬೇಕು, ಬಂದ ಮೇಲೆ ಒರೆಸಬೇಕು. ಒರೆಸದೆ ಉಳಿದರೆ ಕಾವಲು ದೋಣಿ ಸ್ಲೇಟು ಹೇಳಿದ ಕಡೆಗೆ ಹುಡುಕಲು ಹೋಗುತ್ತದೆ. ಅಲ್ಲಿನವರು ಎಂಥೆಂಥ ಸುಳ್ಳೋ ಹೇಳಿಯಾರು, ಸ್ಲೇಟಿನ ಮೇಲೆ ಮಾತ್ರ ಹೇಳುತ್ತಿರಲಿಲ್ಲ.

ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. ಗಂಡನ ದುಂಡು ಅಕ್ಷರ: ಉತ್ತರದ ದಿಬ್ಬ. ನಿನ್ನೆಯೂ ಅದನ್ನೇ ಬರೆದಿದ್ದ.

"ಏನಮ್ಮಾ, ಗಂಡನ ಅಕ್ಷರ ಅಷ್ಟು ಚೆನ್ನಾಗಿದೆಯಾ?"

ಕೇಳಿದ್ದು ಗಾಳಿ ಮಾವ. ಪಕ್ಕದ ಚಪ್ಪರದಲ್ಲಿ ಕಂಪ್ರೆಸರ್ ಇಟ್ಟುಕೊಂಡು ಎಲ್ಲರ ಸಿಲಿಂಡರಿಗೂ ಗಾಳಿ ತುಂಬುವ ಮುದುಕ. ದುಡ್ಡಿಗೆ ಗಾಳಿ ಮಾರುವವನು ಭೂಮಿ ಮೇಲೆ ತಾನೊಬ್ಬನೇ ಎಂದು ಜಂಬ ಕೊಚ್ಚುತ್ತಿದ್ದ.

"ಮಾವ, ಇವರು ಉತ್ತರಕ್ಕೇ ಹೋದ್ರಾ? ನೀವು ನೋಡಿದ್ರಾ?"

"ನಾನೆಲ್ಲಿ ನೋಡ್ಲಿ, ಈ ಮಿಷನ್ ಮುಂದೆ ಕೂತ್ರೆ ನನ್ನ ಹೆಂಡ್ತಿ ಮುಖಾನೂ ಕಾಣಲ್ಲ. ಅದೊಂದೇ ಸುಖ." ನಕ್ಕ. ಇವಳು ನಗಲಿಲ್ಲ. ಅವನು ದನಿ ಇಳಿಸಿದ. "ಆ ಉತ್ತರದಲ್ಲಿ ನೋಡೋಕೆ ಏನಿದೆ ಹೇಳು? ನಾವೇ ಲಂಗರು ಹಾಕಿ ಹಾಕಿ ಅರ್ಧ ಕೊಂದಿದ್ದೀವಿ. ಅತಿಥಿಗಳು ಮೂಗು ಮುರೀತಾರೆ. ಹೋಟೆಲ್ ಮ್ಯಾನೇಜರ್ ಮೊನ್ನೆ ನಿನ್ನ ಗಂಡನ್ನ ಇಲ್ಲೇ ನಿಲ್ಲಿಸ್ಕೊಂಡು, ಚೆನ್ನಾಗಿರೋದು ತೋರ್ಸು, ಇಲ್ಲಾಂದ್ರೆ ನಮ್ಮ ಜನಾನ ಬೇರೆಯವರ ಹತ್ರ ಕಳಿಸ್ತೀನಿ ಅಂದ. ದಿಬ್ಬ ಉಳಿಸಿದ್ರೆ ಒಲೆ ಆರುತ್ತೆ, ಒಲೆ ಉರಿಸಿದ್ರೆ ದಿಬ್ಬ ಸಾಯುತ್ತೆ. ಏನ್ ಮಾಡ್ತಾನೆ ಪಾಪ."

ಇತ್ತೀಚೆಗೆ ಅವನು ತಟ್ಟೆಯಲ್ಲಿ ಅನ್ನ ಬಿಟ್ಟು ಏಳುತ್ತಿದ್ದುದು ಈಗ ಅವಳಿಗೆ ಅರ್ಥವಾಯಿತು. ಕೋಪ ಬಂತು. ಕೋಪಕ್ಕಿಂತ ಮೊದಲು ಹೆದರಿಕೆ ಬಂತು. ಯಾಕೆಂದರೆ ಗಾಳಿ ಮಾವ ತಲೆಯೆತ್ತಿ, "ಅರೆ, ಗಾಳಿ ತಿರುಗ್ತಲ್ಲ" ಅಂದಿದ್ದ.

ಹಗ್ಗದ ಮೇಲೆ ಹರವಿದ್ದ ಸೂಟುಗಳು ಕೈಕಾಲು ಬಡಿಯತೊಡಗಿದವು, ಒಳಗೆ ಯಾರೋ ಇದ್ದಾರೇನೋ ಎಂಬಂತೆ. ಅವಳಿಗೆ ಅವನ್ನು ನೋಡಲಾಗಲಿಲ್ಲ. ಹೋಗಿ ಒಂದೊಂದನ್ನೇ ಇಳಿಸಿ ಒದ್ದೆಯಾಗಿಯೇ ಮಡಚಿಟ್ಟಳು.

ಅನ್ನಕ್ಕಿಟ್ಟಳು, ಇಳಿಸುವುದನ್ನು ಮರೆತು ತಳ ಹಿಡಿಸಿದಳು. ವೈರ್‌ಲೆಸ್ಸಿನ ಗುಂಡಿ ಒತ್ತಿ ಕರೆದಳು. ಬರೀ ಸುಯ್ಯನೆ ಸದ್ದು. ಫೋನು ಅಷ್ಟು ದೂರಕ್ಕೆ ಮುಟ್ಟುವುದೇ ಇಲ್ಲ. ಒಂದೊಂದಾಗಿ ಬೇರೆ ದೋಣಿಗಳು ಕುಣಿಯುತ್ತ ದಡ ಸೇರಿದವು. ಪ್ರತಿ ಸಲವೂ ಅವಳು ಬಾಗಿಲಿಗೆ ಓಡಿದಳು, ಪ್ರತಿ ಸಲವೂ ಬಣ್ಣ ಬೇರೆಯದಾಗಿತ್ತು. ಬೀದಿಯುದ್ದಕ್ಕೂ ಸ್ಲೇಟುಗಳನ್ನು ಒರೆಸಿದರು. ಅವಳ ಗೋಡೆಯ ಅಕ್ಷರ ಮಾತ್ರ ಹಾಗೇ ಇತ್ತು.

ಮಗಳು ಮೂಲೆಯ ಸ್ಟೂಲಿನ ಮೇಲೆ ಮುಳುಗುಕನ್ನಡಕಗಳ ಗಾಜು ಒರೆಸುತ್ತ ಕೂತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. ಆಗಾಗ ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುತ್ತಿದ್ದಳು.

"ಹಸಿವಾಯ್ತಾ ಕಂದಾ?"

ತಲೆಯಾಡಿಸಿದಳು, ಇಲ್ಲ.

"ಅಪ್ಪ ಬರ್ತಾರೆ. ಒಟ್ಟಿಗೆ ಊಟ ಮಾಡೋಣ."

ಮಗಳು ಇನ್ನೊಂದು ಕನ್ನಡಕ ಎತ್ತಿಕೊಂಡಳು. ಕೇಳು ಮಗಳೇ, ಏನಾದರೂ ಕೇಳು ಎಂದು ಅವಳ ಮನಸ್ಸು ಬೇಡಿತು. ಅದರ ಬೆನ್ನಿಗೇ, ಬೇಡ, ಕೇಳಬೇಡ ಎಂದೂ ಅಂದಿತು.

ಆಕಾಶ ಬೂದಿ ಬಣ್ಣಕ್ಕೆ ತಿರುಗುವ ಹೊತ್ತಿಗೆ ಕಾವಲು ದೋಣಿ ನಡೆಸುವ ಹೆಂಗಸು ಬಂದಳು. ರೇನ್‌ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇವಳ ಗಂಡನನ್ನು ಅಣ್ಣ ಎಂದೇ ಕರೆಯುವವಳು. ದಿಬ್ಬ ಮುಚ್ಚುವ ಸಭೆಯಲ್ಲಿ ಅವನ ಪಕ್ಕದಲ್ಲಿ ನಿಂತವಳೂ ಅವಳೇ.

"ಅತ್ತಿಗೆ, ಅಣ್ಣ ಇನ್ನೂ ಬಂದಿಲ್ವಾ?" ಉತ್ತರಕ್ಕೆ ಕಾಯದೆ ಸ್ಲೇಟು ಓದಿದಳು. "ಉತ್ತರ. ಸರಿ, ಹೊರಟೆ. ಮಾವ, ಡೀಸೆಲ್ ಡಬ್ಬ ದೋಣಿಗಿಡಿ. ಹೆದರ್ಕೋಬೇಡಿ ಅತ್ತಿಗೆ, ಬೆಳಕು ಇರೋದ್ರೊಳಗೆ ಎಳ್ಕೊಂಡು ಬರ್ತೀನಿ."

"ಒಂದ್ ನಿಮಿಷ," ಅಂದಳು ಇವಳು. "ದಕ್ಷಿಣದ ಕಡೆಗೂ ಒಂದ್ಸಲ ನೋಡ್ತೀಯಾ?"

ಬಾಗಿಲು ದಾಟಿದ್ದವಳು ನಿಂತಳು. "ದಕ್ಷಿಣಕ್ಕಾ? ಯಾಕೆ?"

"ಸುಮ್ಮನೆ. ಅಲೆ ಆ ಕಡೆ ಎಳ್ಕೊಂಡು ಹೋಗಿದ್ರೆ ಅಂತ."

"ಅಲೆ ಆ ಕಡೆ ಎಳೆಯಲ್ಲ ಅತ್ತಿಗೆ, ನಿಮಗೂ ಗೊತ್ತು. ಇರೋದು ಒಂದೇ ದೋಣಿ. ಎರಡು ಕಡೆ ಸುತ್ತೋಕೆ ಹೊತ್ತಿಲ್ಲ. ಸ್ಲೇಟು ಉತ್ತರ ಅಂದ್ರೆ ಉತ್ತರ." ಮೆಲ್ಲಗೆ, ತುಂಬ ಮೆಲ್ಲಗೆ ಸೇರಿಸಿದಳು. "ನನಗೆ ಗೊತ್ತಾಗಬೇಕಾದ್ದು ಏನಾದ್ರೂ ಇದೆಯಾ?"

ಇವಳ ಬೆರಳುಗಳು ಜೇಬಿನೊಳಗಿದ್ದವು. ಟೊಂಗೆ ಒಣಗಿ ಇನ್ನಷ್ಟು ಚುಚ್ಚುತ್ತಿತ್ತು. ಹೇಳಿದರೆ ದೋಣಿ ಹೋಗುತ್ತದೆ, ಅಂಗಡಿಯ ಬಾಗಿಲು ಬೀಳುತ್ತದೆ, ಸಭೆಯಲ್ಲಿ ಎದ್ದು ನಿಂತು ಮಾತಾಡಿದ ಮನುಷ್ಯ ಈ ಬೀದಿಯಲ್ಲಿ ಮತ್ತೆ ತಲೆಯೆತ್ತಿ ನಡೆಯಲಾರ. ಮಗಳ ಕಣ್ಣಲ್ಲಿ ಅವಳ ಅಪ್ಪ ಏನಾಗಿ ಉಳಿಯುತ್ತಾನೋ. ಹೇಳದಿದ್ದರೆ... ಅದರ ಮುಂದಕ್ಕೆ ಯೋಚಿಸಲು ಅವಳ ತಲೆ ಒಪ್ಪಲಿಲ್ಲ. ಎಷ್ಟು ಸುಲಭ, ಒಂದು ಶಬ್ದ, ದಕ್ಷಿಣ. ಬಾಯಿ ತೆರೆದಳು. ಗಾಳಿ ಮಾತ್ರ ಹೊರಬಂತು.

ಹೊರಗೆ ಕಾವಲು ದೋಣಿಯ ಎಂಜಿನ್ ಗೊರಗೊರ ಎಂದಿತು. "ಬಂದ್ಬಿಡಮ್ಮಾ, ಕತ್ತಲಾಗುತ್ತೆ!" ಎಂದು ಗಾಳಿ ಮಾವ ಕೂಗಿದ. ಹೆಂಗಸು ರೇನ್‌ಕೋಟಿನ ಟೋಪಿ ಎಳೆದುಕೊಂಡು ತಿರುಗಿದಳು.

ಸ್ಟೂಲು ಉರುಳಿದ ಸದ್ದಾಯಿತು. ಮಗಳು ಬಂದು ಇಬ್ಬರ ನಡುವೆ ನಿಂತಿದ್ದಳು, ಕನ್ನಡಕ ಇನ್ನೂ ಕೈಯಲ್ಲೇ ಇತ್ತು. ಸ್ಲೇಟನ್ನು ನೋಡಿದಳು, ಅಮ್ಮನ ಜೇಬನ್ನು ನೋಡಿದಳು. ಆಮೇಲೆ ಬೆಳಗಿನಿಂದ ನುಂಗಿಕೊಂಡಿದ್ದನ್ನು ಬಾಗಿಲಾಚೆಗೂ ಕೇಳುವಷ್ಟು ಜೋರಾಗಿ ಕೇಳಿದಳು:

"ಅಮ್ಮಾ, ಅಪ್ಪ ಹೋಗಿರೋದು ನಮ್ಮ ತೋಟಕ್ಕೆ ಅಲ್ವಾ?"